ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾಗೋಕೆ ಏನೇನು ಬೇಕು: ಮಂಡ್ಯ, ಮೈಸೂರು ಕಡೆ ಪೇರೆಂಟ್ಸು ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಕಡೆ ಹೈಸ್ಕೂಲಲ್ಲಿ ಪಾಠ ಮಾಡೋನು. ನಮ್ಮ ಕಡೆ ಮಕ್ಕಳು ಓದೋಕಾಗ್ದೆ ಫೇಲಾಗೋದಕ್ಕಿಂತ ನಿಯಮ ಏನು ಅಂತ ಸರಿಯಾಗಿ ಯಾರೂ ಹೇಳ್ದೆ ಇರೋದಕ್ಕೇ ಜಾಸ್ತಿ ಕಷ್ಟ ಪಡ್ತಾರೆ ಅಂತ ನನಗೆ ಬಲವಾಗಿ ಅನ್ಸುತ್ತೆ. ಎಷ್ಟು ಬಂದ್ರೆ ಪಾಸು, ಎಷ್ಟು ದಿನ ಸ್ಕೂಲಿಗೆ ಬರ್ಬೇಕು, ಫೇಲಾದ್ರೆ ಮುಂದೇನು, ಹೆಸರು ತಪ್ಪಾದ್ರೆ ಯಾರ ಹತ್ರ ಹೋಗ್ಬೇಕು ಅಂತ ಫೋನ್ ಮಾಡ್ತಾನೇ ಇರ್ತಾರೆ, ಅದೂ ಎಲ್ಲಾ ಮುಗಿದ ಮೇಲೆ. ಅದಕ್ಕೇ ಒಂದೇ ಕಡೆ ಬರೆದು ಇಡ್ತಾ ಇದೀನಿ. ಎಂಟನೇ ಕ್ಲಾಸ್ ಮಕ್ಕಳ ಪೇರೆಂಟ್ಸೂ ಓದಿ, ಹತ್ತಕ್ಕೆ ಬಂದ ಮೇಲೆ ಗೊತ್ತಾದ್ರೆ ಕೆಲವು ವಿಷಯಕ್ಕೆ ಲೇಟಾಗಿರುತ್ತೆ.

ಹೈಸ್ಕೂಲ್ ಮುಗೀತು ಅಂದ್ರೆ ಯಾವುದು ಸರ್, ಎಸ್ಸೆಸ್ಸೆಲ್ಸಿನಾ ಪಿಯುಸಿನಾ?

ನಮ್ಮಲ್ಲಿ ಹೈಸ್ಕೂಲ್ ಅಂದ್ರೆ 8, 9, 10. ಅದು ಎಸ್ಸೆಸ್ಸೆಲ್ಸಿಗೆ ಮುಗೀತು. ಆಮೇಲಿಂದು ಪಿಯು ಕಾಲೇಜು, ಎರಡು ವರ್ಷ. ಆದ್ರೆ ಹೊರದೇಶದ ಕಾಲೇಜಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಹೈಸ್ಕೂಲ್ ಗ್ರಾಜುಯೇಷನ್ ಅಂತ ಕೇಳಿದ್ರೆ ಅಲ್ಲಿ 12ನೇ ತರಗತಿ ಅಂತ ಅರ್ಥ, ಅಂದ್ರೆ ನಮ್ಮ ಸೆಕೆಂಡ್ ಪಿಯುಸಿ. ಅಲ್ಲಿ ಎಸ್ಸೆಸ್ಸೆಲ್ಸಿ ವರ್ಷ ಬರೆದು ಕೂತ್ಕೋಬೇಡಿ. ಎರಡೂ ಪರೀಕ್ಷೆ ನಡೆಸೋದು ಈಗ ಒಂದೇ ಸಂಸ್ಥೆ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮುಂದೆ ಬರೀ ಮಂಡಳಿ ಅಂತೀನಿ.

ಎಷ್ಟು ಬಂದ್ರೆ ಪಾಸು? 35 ಅಲ್ವಾ?

35 ಅನ್ನೋದು ನಮ್ಮ ನಿಮ್ಮ ಕಾಲದ್ದು. 2025-26ನೇ ಸಾಲಿಂದ ಸರ್ಕಾರ ಅದನ್ನ 33ಕ್ಕೆ ಇಳಿಸಿದೆ, ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಗೂ, ರೆಗ್ಯುಲರ್ ಮಕ್ಕಳಿಗೂ ರಿಪೀಟರ್ಸಿಗೂ ಪ್ರೈವೇಟ್ ಆಗಿ ಕಟ್ಟೋರಿಗೂ. ಆದ್ರೆ 33 ಅಂತ ಒಂದು ನಂಬರ್ ಇಟ್ಕೊಂಡು ಸುಮ್ನೆ ಆಗ್ಬೇಡಿ, ಯಾಕಂದ್ರೆ ಇಲ್ಲಿ ದಾಟ್ಬೇಕಾಗಿರೋದು ಎರಡು ಗೆರೆ.

ಒಂದು, ಒಟ್ಟು ಅಂಕದಲ್ಲಿ ಶೇ 33. ಎಸ್ಸೆಸ್ಸೆಲ್ಸಿಗೆ 625ಕ್ಕೆ 206, ಪಿಯುಸಿಗೆ 600ಕ್ಕೆ 198. ಇನ್ನೊಂದು, ಒಂದೊಂದು ಸಬ್ಜೆಕ್ಟಲ್ಲೂ ಕನಿಷ್ಠ ಶೇ 30. ಎರಡೂ ಆಗ್ಬೇಕು, ಒಂದಾದ್ರೆ ಸಾಲ್ದು.

ಎಲ್ಲಾ ಸಬ್ಜೆಕ್ಟಲ್ಲೂ 30 ಬಂದಿದೆ, ಆದ್ರೂ ಫೇಲ್ ಅಂತಿದಾರೆ, ಹೆಂಗೆ?

ಇದನ್ನ ಸ್ವಲ್ಪ ನಿಧಾನಕ್ಕೆ ನೋಡಿ, ತುಂಬಾ ಜನಕ್ಕೆ ಇಲ್ಲೇ ಕನ್ಫ್ಯೂಸ್ ಆಗೋದು. ಒಬ್ಬ ಹುಡುಗ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 38 ತಗೊಂಡ, ಮಿಕ್ಕಿದ ಐದರಲ್ಲೂ 30, 30 ತಗೊಂಡ ಅಂತಿಟ್ಕೊಳ್ಳಿ. ಸಬ್ಜೆಕ್ಟ್ ಲೆಕ್ಕದಲ್ಲಿ ಎಲ್ಲಾ ದಾಟಿದ. ಕೂಡಿ ನೋಡಿ, 38 ಪ್ಲಸ್ 150, ಒಟ್ಟು 188. ಬೇಕಾಗಿರೋದು 206. ಇನ್ನೂ 18 ಕಮ್ಮಿ. ಪಿಯುಸಿನಲ್ಲೂ ಇದೇ ಕತೆ, ಆರೂ ಸಬ್ಜೆಕ್ಟಲ್ಲಿ 30 ಅಂದ್ರೆ 180, ಬೇಕಾಗಿರೋದು 198, ಅಲ್ಲೂ 18 ಕಮ್ಮಿ ಬೀಳುತ್ತೆ.

ಈ 18ನ್ನ ಎಲ್ಲಿಂದ ತರೋದು ಅನ್ನೋದೇ ಕಷ್ಟ ಪಡೋ ಮಕ್ಕಳ ಪ್ಲಾನ್ ಆಗಿರ್ಬೇಕು. ನಾನು ಯಾವಾಗ್ಲೂ ಹೇಳೋದು, ಗಣಿತ ಇಂಗ್ಲಿಷಲ್ಲಿ ಕಷ್ಟ ಪಡೋ ಹುಡುಗ ಕನ್ನಡದಲ್ಲೂ ಸಮಾಜದಲ್ಲೂ ನಾಲ್ಕು ಕಾಸು ಜಾಸ್ತಿ ದುಡಿದು ಇಟ್ಕೋಬೇಕು. ನಮ್ಮ ಹಳ್ಳಿ ಮಕ್ಕಳಿಗೆ ಕನ್ನಡ ಹೆಂಗೋ ಬರುತ್ತೆ ಅಂತ ಅದನ್ನ ಓದೋದೇ ಇಲ್ಲ, ಅದೇ ಪೇಪರು 125ಕ್ಕೆ ಇರೋದು, ಎಲ್ಲಕ್ಕಿಂತ ದೊಡ್ಡದು. ಕನ್ನಡದಲ್ಲಿ 38ರ ಜಾಗಕ್ಕೆ 60 ಬಂತು ಅಂದ್ರೆ ಆ 18 ಅಲ್ಲೇ ಸಿಕ್ತು.

ಇದಕ್ಕೆ ಉಲ್ಟಾನೂ ಉಂಟು. ಒಟ್ಟು 400 ಬಂದಿದೆ, ಗಣಿತದಲ್ಲಿ ಮಾತ್ರ 26. ಒಟ್ಟು ಎಷ್ಟಿದ್ರೂ ಆ ಗಣಿತ ಅಲ್ಲೇ ನಿಲ್ಲುತ್ತೆ, ಅದೊಂದನ್ನ ಮತ್ತೆ ಕಟ್ಟಿ ಬರೀಬೇಕು.

625 ಹೆಂಗೆ ಬರುತ್ತೆ? ಇಂಟರ್ನಲ್ಸ್ ಅಂದ್ರೇನು?

ಪ್ರಥಮ ಭಾಷೆ 125, ಅದರಲ್ಲಿ ಬರೆಯೋ ಪರೀಕ್ಷೆಗೆ 100, ಇಂಟರ್ನಲ್ 25. ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಒಂದೊಂದು 100, ಅದರಲ್ಲಿ 80 ಬರೆಯೋದಕ್ಕೆ, 20 ಇಂಟರ್ನಲ್. ಕೆಲವು ಸ್ಕೂಲಲ್ಲಿ ಮೂರನೇ ಭಾಷೆ ಜಾಗಕ್ಕೆ ಐಟಿ, ಆಟೋಮೊಬೈಲ್ ಥರ ಎನ್‌ಎಸ್‌ಕ್ಯೂಎಫ್ ಸಬ್ಜೆಕ್ಟ್, ಅಂದ್ರೆ ಕೆಲಸ ಕಲಿಸೋ ವೃತ್ತಿ ವಿಷಯ, ಇರುತ್ತೆ, ಅದೂ ನಡೆಯುತ್ತೆ.

ಇಂಟರ್ನಲ್ ಅನ್ನೋದು ವರ್ಷ ಪೂರ್ತಿ ಸ್ಕೂಲಲ್ಲಿ ಮಾಡಿಸೋ ಚಟುವಟಿಕೆ, ಪ್ರಾಜೆಕ್ಟು, ಸಣ್ಣ ಟೆಸ್ಟುಗಳಿಂದ ಬರೋ ಮಾರ್ಕ್ಸು. ಜೂನಿಂದಲೇ ಶುರು. ಮಾರ್ಚ್‌ನಲ್ಲಿ ಬಂದು ಕೇಳಿದ್ರೆ ಯಾರೂ ಕೊಡೋಕಾಗಲ್ಲ. ಪ್ರಾಜೆಕ್ಟ್ ಅಂದ್ರೆ ಅಂಗಡಿಯಿಂದ ಚಾರ್ಟ್ ತಂದು ಅಂಟಿಸೋದು ಅಂದ್ಕೋಬೇಡಿ. ನಮ್ಮೂರ ಕಾಲುವೆಗೆ ನೀರು ಕೆಆರ್‌ಎಸ್‌ನಿಂದ ಹೆಂಗೆ ಬರುತ್ತೆ, ಯಾವ ತೂಬು, ಯಾವ ತಿಂಗಳು ಬಿಡ್ತಾರೆ ಅಂತ ಅಪ್ಪನ್ನ ತಾತನ್ನ ಕೇಳಿ ಬರ್ಕೊಂಡು ಬಂದ್ರೆ ಅದೇ ಒಳ್ಳೆ ಸಮಾಜ ವಿಜ್ಞಾನ ಪ್ರಾಜೆಕ್ಟು, ಹಂಗೆ ಬರೆದಿರೋದನ್ನ ಓದೋಕೆ ನನಗೂ ಖುಷಿ.

ಇಂಟರ್ನಲ್ 20ಕ್ಕೆ 19 ಇದೆ, ಇನ್ನು ಹನ್ನೊಂದು ತಗೊಂಡ್ರೆ ಸಾಕು ಅನ್ನೋ ಲೆಕ್ಕ ಮಾತ್ರ ಮಕ್ಕಳಿಗೆ ಹೇಳಿಕೊಡ್ಬೇಡಿ. ಬರೆಯೋ ಪೇಪರಲ್ಲೇ 30 ಪರ್ಸೆಂಟ್ ದಾಟೋ ಹಂಗೆ ತಯಾರಾಗಿ, ಅಂದ್ರೆ 80ಕ್ಕೆ 24. ಅಷ್ಟಿದ್ರೆ ಯಾವ ಭಯನೂ ಇರಲ್ಲ.

ಗ್ರೇಸ್ ಮಾರ್ಕ್ಸ್ ಕೊಡ್ತಾರಂತಲ್ಲ?

2024ರಲ್ಲಿ ಕೊಟ್ರು. ಆ ವರ್ಷ ಪರೀಕ್ಷಾ ಹಾಲಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ್ರು, ಫಲಿತಾಂಶ ಜೋರಾಗಿ ಬಿತ್ತು, ಅದಕ್ಕೆ ಕನಿಷ್ಠ ಅಂಕನ 35ರಿಂದ 25ಕ್ಕೆ ಇಳಿಸಿ ಗ್ರೇಸನ್ನ 10ರಿಂದ 20 ಪರ್ಸೆಂಟಿಗೆ ಏರಿಸಿದ್ರು. ಅದು ಆ ಒಂದು ವರ್ಷಕ್ಕೆ. 2025ರಲ್ಲಿ ಆ ಗ್ರೇಸ್ ಇರ್ಲಿಲ್ಲ. ಅಣ್ಣಂಗೆ ಕೊಟ್ರು ನಂಗೂ ಕೊಡ್ತಾರೆ ಅಂತ ನಂಬ್ಕೊಂಡು ಕೂರೋ ಮಕ್ಕಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ದಯವಿಟ್ಟು ಮನೇಲಿ ಆ ಮಾತು ಆಡ್ಬೇಡಿ.

ಹಾಜರಿ ಎಷ್ಟಿರ್ಬೇಕು?

ಶೇ 75. ಹತ್ತಕ್ಕೂ ಪಿಯುಗೂ ಅಷ್ಟೇ. ವರ್ಷಕ್ಕೆ 220 ದಿನ ಸ್ಕೂಲ್ ನಡೀತು ಅಂದ್ರೆ 165 ದಿನ ಬಂದಿರ್ಬೇಕು. ಅಯ್ಯೋ 55 ದಿನ ರಜೆ ಹಾಕ್ಬೋದಲ್ಲ ಅನ್ಸುತ್ತೆ, ಆದ್ರೆ ನಮ್ಮ ಕಡೆ ಆ 55 ಹೆಂಗೆ ಕರಗುತ್ತೆ ಅಂತ ನೋಡಿ. ನಾಟಿ ಟೈಮಲ್ಲಿ ಒಂದಷ್ಟು, ಕಬ್ಬು ಕಟಾವು ಶುರುವಾದ್ರೆ ಒಂದಷ್ಟು, ಆಲೆಮನೇಲಿ ಆಳು ಸಿಗ್ದೆ ಹುಡುಗನ್ನ ನಿಲ್ಲಿಸ್ಕೊಳ್ಳೋದು, ಸೋದರಮಾವನ ಮನೆ ಮದುವೆ, ಊರ ಹಬ್ಬ, ಮಾರಿ ಹಬ್ಬ, ಅದರ ಹಿಂದೆ ಜ್ವರ ಒಂದು ವಾರ. ಮೈಸೂರು ಕಡೆ ದಸರಾ ರಜೆ ಮುಗಿದ ಮೇಲೂ ಒಂದು ವಾರ ಮಕ್ಕಳೇ ಬರಲ್ಲ. ಎಚ್.ಡಿ. ಕೋಟೆ ಕಡೆ ಹಾಡಿಗಳಿಂದ ಬರೋ ಮಕ್ಕಳದ್ದಂತೂ ಬೇರೆ ಥರದ ಕಷ್ಟ, ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ್ರೆ ಮಕ್ಕಳೂ ಜೊತೆಗೆ ಹೋಗ್ಬಿಡ್ತಾರೆ, ತಿಂಗಳುಗಟ್ಲೆ ಬರಲ್ಲ. ಅಂಥ ಮಕ್ಕಳಿಗೆ ಹಾಸ್ಟೆಲ್ ಸೀಟು ಕೊಡಿಸೋದೇ ದಾರಿ, ಅದನ್ನ ಜೂನಲ್ಲೇ ಮಾಡ್ಬೇಕು.

ಹಾಜರಿ ಕಮ್ಮಿ ಆದ್ರೆ ಪರೀಕ್ಷೆಗೆ ಕೂರಿಸೋದೇ ಇಲ್ಲ ಅನ್ನೋ ಸ್ಥಿತಿ ಬರುತ್ತೆ. ಹುಷಾರಿಲ್ದೆ ತಪ್ಪಿದ್ರೆ ಆಸ್ಪತ್ರೆ ಚೀಟಿ, ಡಿಸ್ಚಾರ್ಜ್ ಸಮರಿ ಎಲ್ಲಾ ಜೋಪಾನವಾಗಿಟ್ಟು ಹೆಡ್‌ಮಾಸ್ಟರಿಗೆ ಆಗಿಂದಾಗ್ಲೇ ಬರೆದು ಕೊಡಿ. ಡಿಸೆಂಬರಲ್ಲಿ ಒಂದು ಸಲ ಸ್ಕೂಲಿಗೆ ಬಂದು ನಮ್ಮ ಹುಡುಗಿದು ಎಷ್ಟಾಗಿದೆ ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳಲ್ಲ.

ಪಿಯುಸಿನಲ್ಲಿ ಮಾರ್ಕ್ಸ್ ಹೆಂಗೆ ಹಂಚ್ತಾರೆ?

ಎರಡು ಭಾಷೆ, ನಾಲ್ಕು ಐಚ್ಛಿಕ ಸಬ್ಜೆಕ್ಟು, ಒಂದೊಂದು 100. ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಥರ ಲ್ಯಾಬ್ ಇರೋದಕ್ಕೆ 70 ಥಿಯರಿ, 30 ಪ್ರಾಕ್ಟಿಕಲ್. ಲ್ಯಾಬ್ ಇಲ್ಲದ್ದಕ್ಕೆ, ಭಾಷೆಗೂ ಸೇರಿ, 80 ಥಿಯರಿ 20 ಇಂಟರ್ನಲ್. ಪ್ರಾಕ್ಟಿಕಲ್ ಪರೀಕ್ಷೆಗೆ ಆಬ್ಸೆಂಟ್ ಆದ್ರೆ ಆ 30 ಹೋಯ್ತು, ಆಮೇಲೆ ಥಿಯರಿ ಒಂದ್ರಿಂದ ಎಳೆಯೋದು ಬಹಳ ಕಷ್ಟ. ಹಾಗಾಗಿ ಡೇಟ್ ಕಾಲೇಜಿಗೇ ಹೋಗಿ ಕೇಳಿ, ವಾಟ್ಸಾಪ್ ಗ್ರೂಪ್ ನಂಬ್ಕೋಬೇಡಿ.

600ಕ್ಕೆ 510 ಮೇಲೆ ಬಂದ್ರೆ ಡಿಸ್ಟಿಂಕ್ಷನ್, 360 ಮೇಲೆ ಫಸ್ಟ್ ಕ್ಲಾಸ್, 300 ಮೇಲೆ ಸೆಕೆಂಡ್ ಕ್ಲಾಸ್.

ಫಸ್ಟ್ ಪಿಯು ಪಾಸಾಗ್ದೆ ಸೆಕೆಂಡ್ ಪಿಯುಗೆ ಹೋಗೋಕಾಗಲ್ಲ. ಹತ್ತರಲ್ಲಿ ದಬದಬ ಓದಿದ ಮಕ್ಕಳು ಫಸ್ಟ್ ಪಿಯುನಲ್ಲಿ ಆರಾಮಾಗಿ ಇರ್ತಾರೆ, ಅದೂ ಕನ್ನಡ ಮೀಡಿಯಂ ಇಂದ ಸೈನ್ಸ್‌ಗೆ ಹೋದೋರಿಗೆ ಮೊದಲ ಮೂರು ತಿಂಗಳು ಪಾಠ ತಲೆಗೇ ಹತ್ತಲ್ಲ. ಆ ಮೂರು ತಿಂಗಳಲ್ಲೇ ಎಷ್ಟೋ ಮಕ್ಕಳು ಬಿಟ್ಟು ಬರೋದು. ಅವಾಗ ಮನೆಯವರು ಪಕ್ಕದಲ್ಲಿ ನಿಂತ್ಕೊಳ್ಳಿ, ದಸರಾ ಹೊತ್ತಿಗೆ ಭಾಷೆ ಹಿಡಿತಕ್ಕೆ ಬರುತ್ತೆ.

ಫೇಲಾದ್ರೆ ಒಂದು ವರ್ಷ ಹೋಯ್ತಾ?

ಇಲ್ಲ, ಇಲ್ಲ, ಇಲ್ಲ. ಇದನ್ನ ದೊಡ್ಡಕ್ಷರದಲ್ಲಿ ಬರೆದು ಮನೆ ಗೋಡೆಗೆ ಹಾಕ್ಕೊಳ್ಳಿ. ಮೊದಲೆಲ್ಲಾ ಸಪ್ಲಿಮೆಂಟರಿ ಅಂತಿತ್ತು, 2023-24ರಿಂದ ಆ ಹೆಸರು ತೆಗೆದು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮಾಡಿದ್ರು, 2024 ಮತ್ತು 2025ರಲ್ಲಿ ಮೂರೂ ನಡೀತು. ಪ್ರತಿ ವರ್ಷದ ವೇಳಾಪಟ್ಟಿ ಮಂಡಳಿ ವೆಬ್‌ಸೈಟಲ್ಲಿ ಬರುತ್ತೆ, ನಿಮ್ಮ ವರ್ಷಕ್ಕೆ ಎಷ್ಟು ಪರೀಕ್ಷೆ, ಯಾವಾಗ ಅಂತ ಅದನ್ನೇ ನೋಡಿ.

ಫೇಲಾದ ಸಬ್ಜೆಕ್ಟ್ ಮಾತ್ರ ಬರೆದ್ರೆ ಸಾಕು, ಪಾಸಾಗಿರೋದನ್ನ ಮತ್ತೆ ಮುಟ್ಟಬೇಕಾಗಿಲ್ಲ. ಪರೀಕ್ಷೆ-2ರಲ್ಲಿ ಪಾಸಾದ್ರೆ ಅದೇ ವರ್ಷ ಪಿಯುಗೋ ಐಟಿಐಗೋ ಡಿಪ್ಲೊಮಾಗೋ ಸೇರ್ಬೋದು. ಇನ್ನೊಂದು ಒಳ್ಳೆ ವಿಷಯ ಏನಂದ್ರೆ ಪಾಸಾದೋರೂ ಮಾರ್ಕ್ಸ್ ಜಾಸ್ತಿ ಮಾಡ್ಕೊಳೋಕೆ ಪರೀಕ್ಷೆ-2 ಕಟ್ಬೋದು, ಎರಡರಲ್ಲಿ ಯಾವುದು ಜಾಸ್ತಿನೋ ಅದೇ ಉಳಿಯುತ್ತೆ, ಕಮ್ಮಿ ಬಂದ್ರೆ ಹಳೇದು ಹೋಗಲ್ಲ.

ರಿಸಲ್ಟ್ ಬಂದ ದಿನ ಬೈಯೋದು, ಹೊಡೆಯೋದು, ನೆಂಟ್ರ ಮುಂದೆ ಆಡ್ಕೊಳೋದು, ಇದ್ಯಾವುದೂ ಬೇಡ. ಮಾರನೇ ದಿನ ಸ್ಕೂಲಿಗೆ ಕರ್ಕೊಂಡು ಬನ್ನಿ, ಫೀಸ್ ಕಟ್ಟೋ ಕೊನೆ ದಿನಾಂಕ ತುಂಬಾ ಹತ್ರ ಇರುತ್ತೆ, ಅಳ್ತಾ ಕೂತ ವಾರದಲ್ಲಿ ಆ ದಿನಾಂಕ ದಾಟಿ ಹೋಗುತ್ತೆ. ಹೆಣ್ಣುಮಕ್ಕಳ ವಿಷಯಕ್ಕೆ ಇನ್ನೂ ಒಂದು ಮಾತು. ಫೇಲಾಯ್ತಲ್ಲ ಇನ್ನೇನು ಅಂತ ಗಂಡು ನೋಡೋಕೆ ಶುರು ಮಾಡೋ ಮನೆಗಳು ಇನ್ನೂ ಇವೆ. 18 ತುಂಬೋಕೆ ಮುಂಚೆ ಮದುವೆ ಮಾಡೋದು ಅಪರಾಧ. ಒಂದು ಗಣಿತ ಪೇಪರಿಗೋಸ್ಕರ ಆ ಹುಡುಗಿ ಬಾಳನ್ನ ಅಲ್ಲಿಗೇ ನಿಲ್ಲಿಸ್ಬೇಡಿ, ಒಂದು ತಿಂಗಳು ಟೈಮ್ ಕೊಡಿ, ಪಾಸ್ ಮಾಡಿಸೋದು ನಮ್ಮ ಜವಾಬ್ದಾರಿ.

ಮಾರ್ಕ್ಸ್ ಕಮ್ಮಿ ಹಾಕಿದಾರೆ ಅನ್ಸುತ್ತೆ, ಏನ್ ಮಾಡೋದು?

ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿಗೆ ಅರ್ಜಿ ಹಾಕಿ. ಅದು ಬಂದ ಮೇಲೆ ಆ ಸಬ್ಜೆಕ್ಟ್ ಟೀಚರ್ ಹತ್ರ ಕೂತು ಕೀ ಆನ್ಸರ್ ಇಟ್ಕೊಂಡು ನೋಡಿ. ಕೂಡಿರೋದು ತಪ್ಪಾಗಿದ್ಯಾ, ಯಾವುದಾದ್ರೂ ಉತ್ತರಕ್ಕೆ ಮಾರ್ಕ್ಸೇ ಹಾಕಿಲ್ವಾ ಅಂತ ನೋಡಿ, ಆಮೇಲೆ ಮರು ಎಣಿಕೆನಾ ಮರು ಮೌಲ್ಯಮಾಪನನಾ ಅಂತ ತೀರ್ಮಾನ ಮಾಡಿ. ಎಲ್ಲದಕ್ಕೂ ಫೀಸಿದೆ, ಕೊನೆ ದಿನಾಂಕ ಇದೆ. ಸುಮ್ನೆ ಸಿಟ್ಟಿಗೆ ಆರೂ ಸಬ್ಜೆಕ್ಟಿಗೆ ಹಾಕೋದು ದುಡ್ಡು ದಂಡ. ಅದರ ಜೊತೆಗೇ ಪರೀಕ್ಷೆ-2ಕ್ಕೂ ಕಟ್ಟಿರಿ, ಮರು ಮೌಲ್ಯಮಾಪನದ ರಿಸಲ್ಟಿಗೆ ಕಾಯ್ತಾ ಕೂತು ಅದನ್ನ ಬಿಟ್ಕೋಬೇಡಿ.

ಹೆಸರು, ಹುಟ್ಟಿದ ತಾರೀಖು ತಪ್ಪಾಗಿದೆ

ಪಾಸಾಗೋದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ, ಪಾಸಾದ ಮೇಲೆ ಅತಿ ಹೆಚ್ಚು ಗೋಳು ಕೊಡೋದು ಇದೇ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಅಂದ್ರೆ ಬರೀ ಮಾರ್ಕ್ಸ್ ಅಲ್ಲ, ಜೀವನ ಪೂರ್ತಿ ಹುಟ್ಟಿದ ತಾರೀಖಿಗೆ ಅದೇ ದಾಖಲೆ, ಪಾಸ್‌ಪೋರ್ಟಿಗೂ ಕೆಲಸಕ್ಕೂ ಪಿಂಚಣಿಗೂ.

ನಮ್ಮ ಕಡೆ ಆಗೋ ಎಡವಟ್ಟು ಹೆಂಗಿರುತ್ತೆ ಅಂದ್ರೆ, ಆಧಾರಲ್ಲಿ ಅಭಿಷೇಕ್ ಗೌಡ, ಸ್ಕೂಲ್ ರಿಜಿಸ್ಟರಲ್ಲಿ ಅಭಿಷೇಕ್ ಎಂ. ಕೆ., ಅಪ್ಪನ ಹೆಸರು ಒಂದು ಕಡೆ ಕೆಂಪೇಗೌಡ ಇನ್ನೊಂದು ಕಡೆ ಕೆಂಪಣ್ಣ, ಅಮ್ಮನ ಹೆಸರು ಮನೇಲಿ ಕರೆಯೋದು ಒಂದು ರೇಷನ್ ಕಾರ್ಡಲ್ಲಿ ಇರೋದು ಒಂದು. ಒಂದನೇ ಕ್ಲಾಸಿಗೆ ಸೇರಿಸುವಾಗ ಜೂನ್ 1 ಅಂತ ಬರೆಸಿರ್ತಾರೆ, ಹುಟ್ಟಿರೋದು ಯಾವಾಗ್ಲೋ. ಇದೆಲ್ಲಾ ಬೆಳಕಿಗೆ ಬರೋದು ಸ್ಕಾಲರ್‌ಶಿಪ್ ಅರ್ಜಿ ರಿಜೆಕ್ಟ್ ಆದಾಗ.

ಹತ್ತನೇ ತರಗತಿಲಿ ಸ್ಕೂಲಿನೋರು ಮಕ್ಕಳ ವಿವರನ ಆನ್‌ಲೈನಲ್ಲಿ ಕಳಿಸ್ತಾರೆ, ಎಸ್‌ಎಟಿಎಸ್ ನಂಬರ್ (ಪ್ರತಿ ಮಗುವಿಗೂ ಶಿಕ್ಷಣ ಇಲಾಖೆ ಕೊಡೋ ಗುರುತಿನ ನಂಬರು) ಆಧಾರದ ಮೇಲೆ. ಕಳಿಸೋಕೆ ಮುಂಚೆ ಒಂದು ಕರಡು ಪ್ರತಿ ಕೊಟ್ಟು ಸೈನ್ ಹಾಕಿಸ್ಕೊಳ್ತಾರೆ. ಆ ಪೇಪರನ್ನ ಮಗು ಬ್ಯಾಗಲ್ಲೇ ಸೈನ್ ಮಾಡಿ ವಾಪಸ್ ಕೊಡೋಕೆ ಬಿಡ್ಬೇಡಿ. ಆಧಾರ್ ಪಕ್ಕ ಇಟ್ಕೊಂಡು ಒಂದೊಂದೇ ಅಕ್ಷರ ನೋಡಿ, ಕನ್ನಡದಲ್ಲೂ ಇಂಗ್ಲಿಷಲ್ಲೂ, ಇನಿಷಿಯಲ್ ಹಿಂದಿದ್ಯಾ ಮುಂದಿದ್ಯಾ, ಫೋಟೋ ಅವರದ್ದೇನಾ, ಮೀಡಿಯಂ ಸರಿ ಇದ್ಯಾ, ಜಾತಿ ಕಾಲಂ ಸರಿ ಇದ್ಯಾ. ಆವಾಗ ಪೆನ್ನಲ್ಲಿ ಸರಿ ಮಾಡೋದು ಎರಡು ನಿಮಿಷದ ಕೆಲಸ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ ಮೇಲೆ ಸ್ಕೂಲಿಂದ ಮಂಡಳಿಗೆ ಅರ್ಜಿ, ಫೀಸು, ಓಡಾಟ. ಶಾಲೆಯ ದಾಖಲಾತಿ ರಿಜಿಸ್ಟರಲ್ಲೇ ತಪ್ಪಿದ್ರೆ ಕೋರ್ಟ್ ತನಕ ಹೋಗ್ಬೇಕಾಗಿ ಬರಬಹುದು. ಎಂಟನೇ ಕ್ಲಾಸ್ ಪೇರೆಂಟ್ಸ್ ಓದಿ ಅಂದಿದ್ದು ಇದಕ್ಕೇ.

ಸ್ಕೂಲ್ ಬಿಟ್ಟು ಎಷ್ಟೋ ವರ್ಷ ಆಗಿದೆ, ಈಗ ಹತ್ತನೇದು ಕಟ್ಬೋದಾ?

ಕಟ್ಬೋದು, ದಯವಿಟ್ಟು ಕಟ್ಟಿ. 15 ವರ್ಷ ತುಂಬಿದ್ರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೀಬಹುದು, ಮೇಲೆ ಎಷ್ಟೇ ವಯಸ್ಸಾಗಿದ್ರೂ ಆಗುತ್ತೆ. ನೋಂದಣಿ ಪರೀಕ್ಷೆಗಿಂತ ತಿಂಗಳುಗಟ್ಲೆ ಮುಂಚೆ ಮುಗಿದು ಹೋಗುತ್ತೆ, ಜುಲೈ ಆಗಸ್ಟಿಂದಲೇ ಹತ್ತಿರದ ಹೈಸ್ಕೂಲಲ್ಲೋ ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲೋ ವಿಚಾರಿಸ್ತಾ ಇರಿ. ಹಿಂದೆ ಬರೆದು ಕೆಲವು ಸಬ್ಜೆಕ್ಟ್ ಉಳಿಸ್ಕೊಂಡಿರೋರು ಓದಿದ ಸ್ಕೂಲಿಗೇ ಹೋಗ್ಬೇಕು, ಹಳೇ ರಿಜಿಸ್ಟರ್ ನಂಬರ್ ಇರೋ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ. ಪಿಯುಸಿ ಪ್ರೈವೇಟಾಗಿ ಕಟ್ಟೋರಿಗೆ ಆರ್ಟ್ಸು, ಕಾಮರ್ಸ್ ಮಾತ್ರ, ಸೈನ್ಸಿಗೆ ಲ್ಯಾಬ್ ಇರೋದ್ರಿಂದ ಆಗಲ್ಲ.

ಇನ್ನೊಂದು ದಾರಿ ಎನ್‌ಐಒಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆ, ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾಗಿದ್ದು. ಅಲ್ಲಿ ಐದು ಸಬ್ಜೆಕ್ಟ್ ಪಾಸಾದ್ರೆ ಸರ್ಟಿಫಿಕೇಟು, ಅದರಲ್ಲಿ ಒಂದಾದ್ರೂ ಭಾಷೆ ಇರ್ಬೇಕು. ಒಂದು ಸಲ ನೋಂದಣಿ ಆದ್ರೆ 5 ವರ್ಷ, ಅಷ್ಟರಲ್ಲಿ 9 ಸಲ ಬರೆಯೋ ಅವಕಾಶ, ಒಂದೊಂದೇ ಸಬ್ಜೆಕ್ಟ್ ಮುಗಿಸ್ಕೊಂಡು ಹೋಗ್ಬೋದು. ಬೇರೆ ಬೋರ್ಡಲ್ಲಿ ಪಾಸಾಗಿರೋ ಎರಡು ಸಬ್ಜೆಕ್ಟ್ ತನಕ ಇಲ್ಲಿಗೆ ವರ್ಗಾಯಿಸ್ಕೊಳೋಕೂ ಆಗುತ್ತೆ. ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಕ್ಕಳಿಗೆ, ಆಟೋ ಓಡಿಸೋರಿಗೆ ನಾನು ಇದನ್ನೇ ಹೇಳೋದು. ನೆನಪಿರ್ಲಿ, ದುಡ್ಡು ಕೊಟ್ರೆ ಒಂದೇ ತಿಂಗಳಲ್ಲಿ ಹತ್ತನೇ ಪಾಸ್ ಅಂತ ಬೋರ್ಡ್ ಹಾಕಿರೋ ಕಡೆ ಕಾಲಿಡ್ಬೇಡಿ, ಆ ಹಾಳೆ ಯಾವ ಆಫೀಸಲ್ಲೂ ನಡೆಯಲ್ಲ, ಕೇಸೂ ಆಗುತ್ತೆ.

ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳಿಗೆ?

ಎರಡರಲ್ಲೂ ಹತ್ತಕ್ಕೆ ಪಾಸ್ ಮಾರ್ಕ್ 33, ಹಾಜರಿ 75. ಸಿಬಿಎಸ್‌ಇ 12ರಲ್ಲಿ ಥಿಯರಿಲೂ ಪ್ರಾಕ್ಟಿಕಲಲ್ಲೂ ಬೇರೆ ಬೇರೆಯಾಗಿ 33 ಬರ್ಬೇಕು. ಅಲ್ಲಿಂದ ನಮ್ಮ ಪಿಯುಗೆ ಬರೋದಾದ್ರೆ ಟಿಸಿ ಜೊತೆ ಮೈಗ್ರೇಷನ್ ಸರ್ಟಿಫಿಕೇಟ್ ತಗೊಳೋದು ಮರೀಬೇಡಿ.

ವಿಶೇಷ ಚೇತನ ಮಕ್ಕಳಿಗೆ ಏನಾದ್ರೂ ವಿನಾಯಿತಿ ಇದ್ಯಾ?

ಇದೆ, ತುಂಬಾ ಇದೆ, ಆದ್ರೆ ಕೇಳ್ದೆ ಸಿಗಲ್ಲ. ಬರೆಯೋಕಾಗ್ದೆ ಇರೋರಿಗೆ ಬರೆದು ಕೊಡೋ ಸಹಾಯಕರು, ಹೆಚ್ಚುವರಿ ಸಮಯ, ಕೆಲವು ರೀತಿಯ ತೊಂದರೆ ಇರೋರಿಗೆ ಭಾಷೆ ವಿಷಯದಲ್ಲಿ ರಿಯಾಯಿತಿ, ಇವೆಲ್ಲಾ ನಿಯಮದಲ್ಲೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇವರ ಬೆನ್ನಿಗಿದೆ. ಬರಿಗಣ್ಣಿಗೆ ಕಾಣೋ ತೊಂದರೆಗೆ ಮಾತ್ರ ಅಲ್ಲ, ಓದೋದ್ರಲ್ಲಿ ಬರೆಯೋದ್ರಲ್ಲಿ ಅಕ್ಷರ ಹಿಂದುಮುಂದಾಗೋ ಕಲಿಕಾ ನ್ಯೂನತೆಗೂ ಅನ್ವಯ ಆಗುತ್ತೆ. ಮೈಸೂರಿನವರಿಗೆ ಒಂದು ದೊಡ್ಡ ಅನುಕೂಲ ಅಂದ್ರೆ ಮಾನಸಗಂಗೋತ್ರಿ ಹತ್ರ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾತು, ಕಿವಿ, ಕಲಿಕೆ ಸಮಸ್ಯೆಗಳಿಗೆ ಅಲ್ಲೇ ಪರೀಕ್ಷೆ ಮಾಡಿಸ್ಬೋದು. ನಮ್ಮ ಹುಡುಗ ದಡ್ಡ ಅಂತ ಹತ್ತು ವರ್ಷ ಬೈದು ಆಮೇಲೆ ಕಲಿಕಾ ತೊಂದರೆ ಅಂತ ಗೊತ್ತಾಗಿ ಅತ್ತ ತಾಯಂದಿರನ್ನ ನೋಡಿದೀನಿ, ಹಂಗಾಗೋದು ಬೇಡ, ಐದಾರನೇ ಕ್ಲಾಸಲ್ಲೇ ತೋರಿಸಿ. ಸರ್ಟಿಫಿಕೇಟನ್ನ ನೋಂದಣಿ ಟೈಮಲ್ಲೇ ಸ್ಕೂಲಿಗೆ ಕೊಡಿ.

ಪಾಸಾದ್ರೆ ಸಾಕಾ, ಇಂಜಿನಿಯರಿಂಗ್ ಸಿಗುತ್ತಾ?

ಪಾಸಾಗೋದು ಬೇರೆ, ಅರ್ಹತೆ ಬೇರೆ. ಸಿಇಟಿ, ಅಂದ್ರೆ ರಾಜ್ಯದ ಪ್ರವೇಶ ಪರೀಕ್ಷೆ, ಅದರ ಮೂಲಕ ಇಂಜಿನಿಯರಿಂಗಿಗೆ ಪಿಯುಸಿನಲ್ಲಿ ಫಿಸಿಕ್ಸು ಮ್ಯಾಥ್ಸು ಜೊತೆಗೆ ಕೆಮಿಸ್ಟ್ರಿ ಥರದ ಇನ್ನೊಂದು ಸೇರಿ 45 ಪರ್ಸೆಂಟ್ ಬೇಕು, ಮೀಸಲಾತಿ ಇರೋರಿಗೆ 40. ಮೆಡಿಕಲ್‌ಗೆ ನೀಟ್ ಜೊತೆ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಸೇರಿ 50, ಮೀಸಲಾತಿಗೆ 40. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಲ್ಲಿ ಬಿಎಸ್ಸಿ ಅಗ್ರಿ ಓದ್ಬೇಕು ಅನ್ನೋ ರೈತರ ಮಕ್ಕಳು ಬಯಾಲಜಿ ಇರೋ ಕಾಂಬಿನೇಷನ್ನೇ ತಗೊಳ್ಳಿ, ರೈತರ ಮಕ್ಕಳಿಗೆ ಅಂತ ಕೋಟಾ ಇದೆ, ಕಾಮರ್ಸ್ ಸೇರಿ ಆಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಡಿಗ್ರಿಗೆ, ಬಿಎ ಬಿಕಾಂಗೆ, ಪಿಯುಸಿ ಪಾಸಾದ್ರೆ ಹೆಚ್ಚಿನ ಕಡೆ ಸಾಕು. ಹತ್ತಾದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿದ್ರೆ ಡಿಸಿಇಟಿ (ಡಿಪ್ಲೊಮಾ ಆದೋರ ಪ್ರವೇಶ ಪರೀಕ್ಷೆ) ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗ್ಬೋದು, ಪಿಯುಸಿನಲ್ಲಿ ಎರಡು ವರ್ಷ ಒದ್ದಾಡೋ ಬದಲು ಕೈ ಕೆಲಸದಲ್ಲಿ ಆಸಕ್ತಿ ಇರೋ ಹುಡುಗರಿಗೆ ಇದು ನನ್ನ ಪ್ರಕಾರ ಎಷ್ಟೋ ವಾಸಿ. ಬರೀ ಹತ್ತನೇ ಮೇಲೆ ಪೋಸ್ಟಾಫೀಸಿನ ಗ್ರಾಮೀಣ ಡಾಕ್ ಸೇವಕ್ ಕೆಲಸ ಇದೆ, ಅದಕ್ಕೆ ಗಣಿತ ಇಂಗ್ಲಿಷ್ ಎರಡರಲ್ಲೂ ಪಾಸಾಗಿರ್ಬೇಕು, ಆಯ್ಕೆ ಹತ್ತನೇ ಮಾರ್ಕ್ಸ್ ಮೇಲೇ, ಹಾಗಾಗಿ 33ಕ್ಕೆ ನಿಲ್ಲಿಸಿದ್ರೆ ಅಲ್ಲಿ ನಂಬರೇ ಬರಲ್ಲ.

ಪಾಸಾದ ಮೇಲೆ ಸ್ಕೂಲಿಂದ ಯಾವ ಯಾವ ಪೇಪರ್ ತಗೋಬೇಕು?

ಟಿಸಿ, ಮಾರ್ಕ್ಸ್ ಕಾರ್ಡ್, ಮತ್ತೆ ವ್ಯಾಸಂಗ ಪ್ರಮಾಣಪತ್ರ. ಈ ಕೊನೇದನ್ನ ಯಾರೂ ತಗೊಳಲ್ಲ. ಒಂದರಿಂದ ಹತ್ತರ ತನಕ ಹಳ್ಳಿಲಿ ಓದಿದ್ದಕ್ಕೆ ಗ್ರಾಮೀಣ ಕೋಟಾ, ಕನ್ನಡ ಮೀಡಿಯಮಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಕೋಟಾ, ಎರಡೂ ಸಿಇಟಿ ಟೈಮಲ್ಲಿ ಕೆಲಸಕ್ಕೆ ಬರುತ್ತೆ. ನಾಲ್ಕನೇ ತನಕ ಒಂದು ಊರು, ಏಳರ ತನಕ ಇನ್ನೊಂದು, ಹೈಸ್ಕೂಲ್ ಮತ್ತೊಂದು ಕಡೆ ಓದಿದ್ರೆ ಮೂರು ಕಡೆಯಿಂದಲೂ ಬೇಕಾಗುತ್ತೆ, ಬಿಇಒ ಸಹಿ ಕೇಳಿದ್ರೆ ಅದೂ. ಬೇಸಿಗೆ ರಜೆಲೇ ಮಾಡಿಸಿಟ್ಕೊಳ್ಳಿ, ಕೌನ್ಸೆಲಿಂಗ್ ದಿನ ನಾಗಮಂಗಲದಿಂದ ಮಳವಳ್ಳಿಗೆ ಓಡೋದು ಬೇಡ. ಮಾರ್ಕ್ಸ್ ಕಾರ್ಡ್ ಡಿಜಿಲಾಕರಲ್ಲೂ ಸಿಗುತ್ತೆ, ಒಂದು ಕಾಪಿ ಅಲ್ಲಿ ಇಟ್ಟಿರಿ. ಒರಿಜಿನಲನ್ನ ಲ್ಯಾಮಿನೇಷನ್ ಮಾಡಿಸ್ಬೇಡಿ.

ಪರೀಕ್ಷೆ ದಿನದ್ದು ಏನಾದ್ರೂ ಹೇಳಿ

ಬೆಳಿಗ್ಗೆ 10ಕ್ಕೆ ಶುರು, ಎಸ್ಸೆಸ್ಸೆಲ್ಸಿನಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದೋದಕ್ಕೇ ಅಂತ ಕೊಡ್ತಾರೆ. ಆ ಹದಿನೈದು ನಿಮಿಷದಲ್ಲಿ ಬರೋ ಪ್ರಶ್ನೆಗೆ ಟಿಕ್ ಹಾಕ್ಕೊಳ್ಳೋದನ್ನ ಮನೇಲೇ ಅಭ್ಯಾಸ ಮಾಡಿಸಿ. ಸೆಂಟರ್ ಬೇರೆ ಊರಾಗಿದ್ರೆ ಹಿಂದಿನ ದಿನವೇ ಹೋಗಿ ನೋಡ್ಕೊಂಡು ಬನ್ನಿ. ಈಚಿನ ವರ್ಷಗಳಲ್ಲಿ ಹಾಲ್ ಟಿಕೆಟ್ ತೋರಿಸಿದ್ರೆ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಪರೀಕ್ಷೆಗೆ ಹೋಗಿ ಬರೋಕೆ ದುಡ್ಡು ತಗೊಳಲ್ಲ, ಹುಡುಗೀರಿಗೆ ಹೆಂಗೂ ಶಕ್ತಿ ಯೋಜನೆ ಇದೆ. ಮಾರ್ಚ್ ಏಪ್ರಿಲಲ್ಲೇ ಮೇಲುಕೋಟೆ ವೈರಮುಡಿ ಉತ್ಸವ ಬರೋದ್ರಿಂದ ಪಾಂಡವಪುರ ಕಡೆ ಬಸ್ಸು ರಶ್ ಇರುತ್ತೆ, ಆ ದಿನ ಪೇಪರ್ ಬಿದ್ರೆ ಒಂದು ಬಸ್ ಮುಂಚೆನೇ ಹೊರಡಿ. ಹಾಲ್ ಟಿಕೆಟ್ ಎರಡು ಜೆರಾಕ್ಸ್ ಮಾಡಿಸಿ ಒಂದು ಮನೇಲಿ, ಒಂದು ಅಪ್ಪನ ಜೇಬಲ್ಲಿ ಇರ್ಲಿ, ಕಳೆದು ಹೋದ್ರೆ ಗಾಬರಿ ಬೇಡ, ಹೆಡ್‌ಮಾಸ್ಟರ್ ಹತ್ರ ಮತ್ತೊಂದು ಪ್ರಿಂಟ್ ಸಿಗುತ್ತೆ.